ಕುಂಪಣಿಯ ಮೊದಲ ಊಳಿಗದವರು

ವ್ಯಾಪಾರಕ್ಕಾಗಿ ಹುಟ್ಟಿದ ಒಂದು ಸಂಸ್ಥೆಯು ಬೆಳೆದು ಸಾಮ್ರಾಜ್ಯವಾದ ವೃತ್ತಾಂತವು ಲೋಕಚರಿತ್ರೆಯಲ್ಲಿ ಅಪೂರ್ವವಾದುದು. ಆಂಗ್ಲೇಯರ ಈಸ್ಟ್ ಇಂಡಿಯಾ ಕಂಪೆನಿ, ಎಂದರೆ ಕನ್ನಡ ನಾಡಿನ ಹಿರಿಯರ ಬಾಯಲ್ಲಿ ಕುಂಪಣಿಯೆಂದು ರೂಢಿಗೊಂಡ ಸಂಸ್ಥೆಯು, ಇದಕ್ಕೆ ಮುಖ್ಯ ನಿದರ್ಶನ. ಅದರ ಯುದ್ಧಗಳನ್ನೂ ಸಂಧಿಗಳನ್ನೂ ಗವರ್ನರ್ ಜನರಲ್ಲರ ಹೆಸರುಗಳನ್ನೂ ಪಾಠಶಾಲೆಯ ಬಾಲಕರು ಕೂಡ ಬಲ್ಲರು. ಆದರೆ ಆ ಸಂಸ್ಥೆಯು ಎಳೆಗರುವಿನಂತೆ ಕಾಲೂರಲಾರದೆ ತಡವರಿಸುತ್ತಿದ್ದ ದಿನಗಳಲ್ಲಿ ಅದನ್ನು ಹಿಡಿದು ನಡೆಸಿದ ಊಳಿಗದವರು ಯಾರು, ಅದು ಬಲಿತ ಮೇಲೆ ಅವರ ಗತಿಯೇನಾಯಿತು ಎಂಬ ವಿಚಾರವು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಒಡೆಯನ ಐಶ್ವರ್ಯವನ್ನು ಅಳೆಯುವವರು ಬಹುಮಂದಿ. ಆಳಿನ ಋಣವನ್ನು ಲೆಕ್ಕಕ್ಕೆ ತರುವವರು ವಿರಳ.

ಈ ಲೆಕ್ಕವನ್ನು ನೋಡುವುದಕ್ಕೆ ಒಂದು ಅಳತೆಗೋಲು ಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ನೀಡಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭೃತ್ಯರ ಭರಣವನ್ನು ಕುರಿತ ಪ್ರಕರಣವೊಂದುಂಟು. ಮೇಲಧಿಕಾರಿಗಳ ವೇತನವು ಅವರು ಪರರ ಆಮಿಷಕ್ಕೆ ಒಳಗಾಗದಷ್ಟು, ಒಡೆಯನ ಮೇಲೆ ಮುನಿಯದಷ್ಟು ಇರಬೇಕೆಂಬುದು ಅದರಲ್ಲಿ ಒಂದು ಮಾತು. ಕಾರ್ಯದಲ್ಲಿದ್ದಾಗಲೇ ಮೃತನಾದವನ ಹೆಂಡತಿ ಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕೆಂಬುದು ಇನ್ನೊಂದು. ಭೃತ್ಯರು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿಟ್ಟ ಆಚಾರ್ಯನೇ ಈ ಎರಡು ಮಾತುಗಳನ್ನೂ ಆಡಿದವನಾದ್ದರಿಂದ, ಇವು ಕೇವಲ ದಯೆಯಿಂದ ಹೊರಟವಲ್ಲ, ಅನುಭವದಿಂದ ಹೊರಟವೆಂದು ತಿಳಿಯಬೇಕು.

ಕುಂಪಣಿಯು ೧೬೦೦ನೆಯ ಇಸವಿ ಡಿಸೆಂಬರ್ ೩೧ರಂದು ಎಲಿಜಬೆತ್ ರಾಣಿಯ ಸನ್ನದಿನಿಂದ ಜನ್ಮ ತಾಳಿತು. ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಮೊದಲ ಗವರ್ನರನಾದ ತಾಮಸ್ ಸ್ಮೈತನ ಮನೆಯೇ ಅದರ ಕಚೇರಿಯಾಗಿದ್ದಿತು. ಜೇಮ್ಸ್ ಲ್ಯಾಂಕಾಸ್ಟರನ ನೇತೃತ್ವದಲ್ಲಿ ೧೬೦೧ರಲ್ಲಿ ಹೊರಟ ಮೊದಲ ಹಡಗುಗಳು ಸುಮಾತ್ರಾ ಜಾವಾ ದ್ವೀಪಗಳಿಂದ ಮೆಣಸನ್ನು ತುಂಬಿಕೊಂಡು ಮರಳುವುದಕ್ಕೆ ಎರಡು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು. ಲಂಡನ್ನಿನಿಂದ ಹೊರಟ ಕಾಗದವು ಹಿಂದೂದೇಶವನ್ನು ಮುಟ್ಟಲು ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಬೇಕಾಗಿದ್ದ ಆ ಕಾಲದಲ್ಲಿ, ಒಡೆಯರ ಅಪ್ಪಣೆಯನ್ನು ಕೇಳಿ ಕೆಲಸ ಮಾಡುವುದೆಂಬುದು ಅಸಾಧ್ಯವಾದ ಮಾತು. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಹಳೆಯದಾಗಿ ಹೋಗುತ್ತಿದ್ದಿತು. ಆದಕಾರಣ ಮೊದಲ ಊಳಿಗದವರಲ್ಲಿ ಒಬ್ಬೊಬ್ಬನೂ ತಾನೇ ವರ್ತಕ, ತಾನೇ ಕರಣಿಕ, ತಾನೇ ರಾಯಭಾರಿ, ಅಗತ್ಯ ಬಿದ್ದರೆ ತಾನೇ ಸಿಪಾಯಿ ಆಗಬೇಕಾಯಿತು. ಸ್ವತಂತ್ರಬುದ್ಧಿಯೇ ಅವರ ಮುಖ್ಯ ಯೋಗ್ಯತೆ. ಮುಂದೆ ಅವರಿಗೆ ಬಂದ ವಿಪತ್ತಿಗೆ ಬೀಜವೂ ಇದೇ ಯೋಗ್ಯತೆಯಲ್ಲಿ ಅಡಗಿದ್ದಿತು.

ವಿಲಿಯಂ ಹಾಕಿನ್ಸನೆಂಬುವನು ೧೬೦೮ರ ಆಗಸ್ಟ್ ತಿಂಗಳಲ್ಲಿ ಹೆಕ್ಟರ್ ಎಂಬ ಹಡಗಿನಲ್ಲಿ ಸೂರತ್ತಿಗೆ ಬಂದಿಳಿದನು. ಅವನಿಗೆ ತುರ್ಕಿ ಭಾಷೆ ಬರುತ್ತಿದ್ದುದರಿಂದ, ಆಗ್ರಾ ನಗರದಲ್ಲಿ ಜಹಾಂಗೀರ್ ಪಾದಶಹನೊಡನೆ ದುಭಾಷಿಯ ನೆರವಿಲ್ಲದೆ ಮಾತನಾಡಲು ಸಾಧ್ಯವಾಯಿತು. ಪಾದಶಹನು ಸಂತೋಷಪಟ್ಟು ಅವನಿಗೆ ನಾನೂರು ಕುದುರೆಗಳ ಮನ್ಸಬನ್ನು ದಯಪಾಲಿಸಿ, ಆರ್ಮೀನಿಯಾದ ಕ್ರೈಸ್ತ ಕನ್ಯೆಯೊಬ್ಬಳನ್ನು ವಿವಾಹ ಮಾಡಿಸಿದನು. ಆದರೆ ಪೋರ್ತುಗೀಸರ ಪ್ರತಿರೋಧದಿಂದ ವ್ಯಾಪಾರದ ಫರ್ಮಾನು ಕೈಗೆ ದಕ್ಕಲಿಲ್ಲ. ೧೬೧೧ರಲ್ಲಿ ಹಾಕಿನ್ಸನು ಆಗ್ರಾವನ್ನು ಬಿಟ್ಟು, ಸ್ವದೇಶಕ್ಕೆ ಮರಳುವ ದಾರಿಯಲ್ಲಿಯೇ ಮೃತನಾದನು. ಅವನ ವಿಧವೆಯು ಕಂಡರಿಯದ ಇಂಗ್ಲೆಂಡಿಗೆ ಹೋಗಿ ಸೇರಿದಾಗ ಕುಂಪಣಿಯ ಒಡೆಯರು ಅವಳಿಗೆ ಹಣದ ಉಡುಗೊರೆಯನ್ನು ಕೊಟ್ಟರು; ಕೊಡುವಾಗ, ಮುಂದೆ ತಾನು ಯಾವ ಬಾಕಿಯನ್ನೂ ಕೇಳತಕ್ಕುದಿಲ್ಲವೆಂಬ ಬಿಡುಗಡೆಯ ಪತ್ರವನ್ನೂ ಬಯಸಿದರು. ಪ್ರೀತಿಯ ಕುರುಹಾಗಿ ಕೊಟ್ಟುದೆಂಬ ಹೆಸರು, ಬಾಕಿ ತೀರಿತೆಂಬ ದಸ್ತಾವೇಜು! ಕೌಟಿಲ್ಯನ ಎರಡನೆಯ ಮಾತಿಗೆ ಕುಂಪಣಿಯು ಕೊಟ್ಟ ಮೊದಲ ಉತ್ತರವಿದು.

ಸೂರತ್ತಿನಲ್ಲಿ ೧೬೧೩ರಲ್ಲಿ ಕೋಠಿಯು ಸ್ಥಿರಪಟ್ಟಿತು. ಅಲ್ಲಿನ ಜೀವನವು ಒಂದು ಅವಿಭಕ್ತ ಕುಟುಂಬದಂತಿದ್ದಿತು. ಕೋಠಿಯ ಅಧ್ಯಕ್ಷನಿಂದ ಹಿಡಿದು ಬರವಣಿಗೆಯ ಹುಡುಗನವರೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ರಾತ್ರಿಯಾದೊಡನೆ ಹೆಬ್ಬಾಗಿಲು ಮುಚ್ಚುತ್ತಿದ್ದಿತು. ಪ್ರಾರ್ಥನೆಗೆ ತಪ್ಪಿದವರಿಗೆ ದಂಡ ಬೀಳುತ್ತಿದ್ದಿತು. ರೈಟರು, ಫ್ಯಾಕ್ಟರು, ಕಿರಿಯ ವರ್ತಕ, ಹಿರಿಯ ವರ್ತಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಪದವಿಗಳು ಏರ್ಪಟ್ಟುವು. ಸಂಬಳವು ಮಾತ್ರ ಹೆಸರಿಗಷ್ಟೇ. ಅದು ಎಷ್ಟು ಅಲ್ಪವಾಗಿದ್ದಿತೆಂಬುದಕ್ಕೆ ಒಂದೇ ನಿದರ್ಶನ ಸಾಕು: ಕೋಠಿ ಏರ್ಪಟ್ಟು ನೂರಮೂವತ್ತು ವರ್ಷಗಳಾದ ಮೇಲೆ, ೧೭೪೪ರಲ್ಲಿ ಮದರಾಸಿಗೆ ರೈಟರಾಗಿ ಬಂದ ರಾಬರ್ಟ್ ಕ್ಲೈವನಿಗೆ ಗೊತ್ತಾಗಿದ್ದ ಸಂಬಳವು ವರ್ಷಕ್ಕೆ ೫ ಪವುನು.

ಇಷ್ಟು ಅಲ್ಪ ಸಂಬಳಕ್ಕೆ ಪ್ರಾಣಾಪಾಯವನ್ನು ಲೆಕ್ಕಿಸದೆ ಏಳು ಸಮುದ್ರಗಳನ್ನು ದಾಟಿ ಬರುವವರು ಏಕೆ ಬಂದರು? ಇದರ ಮರ್ಮವು ಸ್ವಂತ ವ್ಯಾಪಾರದಲ್ಲಿತ್ತು. ಒಡೆಯರು ಮೊದಲು ಇದನ್ನು ನಿಷೇಧಿಸಿ, ತಡೆಯಲಾರದೆ, ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ವ್ಯಾಪಾರವನ್ನು ತಮಗೇ ಉಳಿಸಿಕೊಂಡು, ಆಸಿಯದ ಒಂದು ರೇವಿನಿಂದ ಇನ್ನೊಂದು ರೇವಿಗೆ ನಡೆಯುವ ವ್ಯಾಪಾರವನ್ನು ಊಳಿಗದವರಿಗೆ ಬಿಟ್ಟುಕೊಟ್ಟರು. ವೇತನವನ್ನು ಕೊಡುವ ಬದಲು ವೇತನವನ್ನು ದುಡಿದುಕೊಳ್ಳುವ ಅವಕಾಶವನ್ನು ಕೊಟ್ಟಂತಾಯಿತು. ಕುಂಪಣಿಯು ಬಡತನದಲ್ಲಿದ್ದಾಗ ಇದು ಅದಕ್ಕೆ ಲಾಭವಾಗಿಯೇ ಕಂಡಿತು. ಆದರೆ ಕೌಟಿಲ್ಯನ ಮೊದಲನೆಯ ಮಾತು ಅಲ್ಲಿಯೇ ಭಂಗವಾಯಿತು.

ಮದರಾಸಿನ ಕಥೆಯನ್ನು ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಫ್ರಾನ್ಸಿಸ್ ಡೇ ಎಂಬ ಫ್ಯಾಕ್ಟರನು ೧೬೩೯ರಲ್ಲಿ, ವಿಜಯನಗರದ ಅರವೀಡು ಅರಸರಿಗೆ ಅಧೀನನಾಗಿದ್ದ ದಾಮರ್ಲ ವೆಂಕಟಾದ್ರಿ ನಾಯಕನಿಂದ ಸಮುದ್ರತೀರದ ಮರಳುದಿಬ್ಬವೊಂದನ್ನು ಪಡೆದನು. ಅವನ ಮೇಲಧಿಕಾರಿಯಾದ ಆಂಡ್ರೂ ಕಾಗನನು ಅಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. ಸ್ಥಳೀಯರ ಮಾತನ್ನು ಇವರಿಗೂ, ಇವರ ಮಾತನ್ನು ಸ್ಥಳೀಯರಿಗೂ ತಿಳಿಸಿ, ವರ್ತಕರನ್ನೂ ನೇಯ್ಗೆಯವರನ್ನೂ ಆ ಬರಿಯ ಮರಳಿನ ಮೇಲೆ ತಂದು ನೆಲೆಗೊಳಿಸಲು ನೆರವಾದವನು ದುಭಾಷಿ ಬೇರಿ ತಿಮ್ಮಣ್ಣ. ಲಂಡನ್ನಿನ ಒಡೆಯರಿಗೆ ಈ ಕೋಟೆಯು ದುಂದುವೆಚ್ಚವಾಗಿ ಕಂಡಿತು. ಡೇಯೂ ಕಾಗನನೂ ಆ ವೆಚ್ಚಕ್ಕಾಗಿ ಉತ್ತರ ಹೇಳಬೇಕಾಯಿತು. ಯಾವ ಕೋಟೆಯನ್ನು ಕಟ್ಟಿದುದು ತಪ್ಪೆಂದು ಅವರನ್ನು ಆಕ್ಷೇಪಿಸಿದರೋ ಆ ಕೋಟೆಯೇ ಮುಂದೆ ಕುಂಪಣಿಗೆ ದಕ್ಷಿಣಾಪಥದ ರಾಜಧಾನಿಯಾಯಿತು.

ಆ ಕಾಲದಲ್ಲಿ ಕುಂಪಣಿಯು ಈ ದೇಶದ ಸಹಾಯಕರನ್ನು ಗೌರವದಿಂದಲೇ ಕಾಣುತ್ತಿದ್ದಿತು. ತಿಮ್ಮಣ್ಣನ ತರುವಾಯ ಕುಂಪಣಿಯ ಮುಖ್ಯ ವರ್ತಕನಾಗಿದ್ದ ಕಾಸಿ ವೀರಣ್ಣನು ೧೬೮೦ರಲ್ಲಿ ದಿವಂಗತನಾದಾಗ, ಕೋಟೆಯ ಮೇಲಿಂದ ಗೌರವಾರ್ಥವಾಗಿ ಫಿರಂಗಿಗಳನ್ನು ಹಾರಿಸಿದರು. ಸಂಸ್ಥೆಯು ಚಿಕ್ಕದಾಗಿರುವವರೆಗೆ ಯಾರ ಕೈ ಯಾರನ್ನು ಎತ್ತಿ ಹಿಡಿದಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿರುತ್ತದೆ.

ಬಂಗಾಳದಲ್ಲಿ ಜೋಬ್ ಚಾರ್ನಾಕನ ಬಾಳು ಮೊದಲ ಊಳಿಗದವರ ಬಾಳಿಗೆ ಕನ್ನಡಿಯಂತಿದೆ. ಅವನು ೧೬೫೬ರ ಸುಮಾರಿಗೆ ಈ ದೇಶಕ್ಕೆ ಬಂದವನು; ಕಾಸಿಂಬಜಾರಿನ ಕೋಠಿಯಲ್ಲಿ ೨೦ ಪವುನುಗಳ ಸಂಬಳದ ಕಿರಿಯ ಸ್ಥಾನದಿಂದ ಪ್ರಾರಂಭಿಸಿ, ಬಹುಕಾಲ ಪಾಟ್ನಾದಲ್ಲಿದ್ದು ಕುಂಪಣಿಗಾಗಿ ಪೆಟ್ಲುಪ್ಪನ್ನು ಕೊಂಡು ಕಳುಹಿಸುತ್ತಿದ್ದನು. ಈ ದೇಶದ ಭಾಷೆ, ಆಚಾರ, ದರಬಾರುಗಳ ರೀತಿ ಇವೆಲ್ಲ ಅವನಿಗೆ ಕರತಲಾಮಲಕವಾಗಿದ್ದುವು. ಹೀಗಿದ್ದರೂ, ಬಂಗಾಳದ ಕೋಠಿಗಳನ್ನೆಲ್ಲ ಒಂದುಗೂಡಿಸಿ ಮುಖ್ಯಾಧಿಕಾರಿಯೊಬ್ಬನನ್ನು ನಿಯಮಿಸುವ ಕಾಲ ಬಂದಾಗ, ಒಡೆಯರು ಇಪ್ಪತ್ತೈದು ವರ್ಷಗಳ ಅನುಭವಿಯನ್ನು ಬಿಟ್ಟು, ತಮ್ಮ ಮಂಡಳಿಯವನೇ ಆದ ವಿಲಿಯಂ ಹೆಡ್ಜಸನನ್ನು ಲಂಡನ್ನಿನಿಂದ ಕಳುಹಿಸಿದರು. ಹೆಡ್ಜಸನು ೧೬೮೨ರಲ್ಲಿ ಬಂದು, ಹಳೆಯವರ ಸ್ವಂತ ವ್ಯಾಪಾರವನ್ನು ಹತ್ತಿಕ್ಕುವುದಕ್ಕೆ ಪ್ರಯತ್ನಿಸಿ, ಚಾರ್ನಾಕನೊಡನೆ ಕಲಹಕ್ಕೆ ಬಿದ್ದು, ಎರಡೇ ವರ್ಷಗಳಲ್ಲಿ ಅಧಿಕಾರವನ್ನು ಕಳೆದುಕೊಂಡನು. ಆಗಲೂ ಸ್ಥಾನವು ಚಾರ್ನಾಕನಿಗೆ ಬರಲಿಲ್ಲ. ಜಾನ್ ಬಿಯರ್ಡನೆಂಬುವನು ಅಧಿಕಾರಕ್ಕೆ ಬಂದು, ೧೬೮೫ರಲ್ಲಿ ಅವನು ತೀರಿಕೊಂಡ ಮೇಲೆಯೇ ಚಾರ್ನಾಕನ ಸರದಿ ಬಂದುದು. ಬಂದೊಡನೆ ಅವನ ಪಾಲಿಗೆ ಒದಗಿದುದು ಮೊಗಲರೊಡನೆ ಯುದ್ಧ, ಪಲಾಯನ, ರೋಗ. ಕೊನೆಗೆ ೧೬೯೦ರ ಆಗಸ್ಟ್ ೨೪ರಂದು ಹೂಗ್ಲಿ ನದಿಯ ತೀರದ ಸೂತಾನುಟಿಯಲ್ಲಿ, ಮಳೆಯ ನಡುವೆ, ಅವನು ಮೂರನೆಯ ಸಲ ಬಂದಿಳಿದನು. ಮೂವತ್ತೈದು ವರ್ಷಗಳಿಗೂ ಮೀರಿದ ಊಳಿಗದಲ್ಲಿ ಒಮ್ಮೆಯೂ ಸ್ವದೇಶವನ್ನು ಕಾಣದೆ, ೧೬೯೩ರ ಜನವರಿಯಲ್ಲಿ ಅಲ್ಲಿಯೇ ಪ್ರಾಣ ಬಿಟ್ಟನು.

ಹೆಡ್ಜಸನು ಕೆಟ್ಟವನೆಂದಾಗಲಿ ಚಾರ್ನಾಕನು ನಿರ್ದೋಷಿಯೆಂದಾಗಲಿ ಇದರಿಂದ ತಿಳಿಯಬಾರದು. ಮೊದಲ ಊಳಿಗದವರು ಕಟ್ಟಿದ ಮನೆಗೆ ಲೆಕ್ಕ ನೋಡುವವನೊಬ್ಬನು ಹೊರಗಿನಿಂದ ಬರುವ ದಿನ ಬಂದೇ ಬರುತ್ತದೆ. ಬಂದವನಿಗೆ ಮನೆ ಕಾಣುತ್ತದೆ, ಕಟ್ಟಿದ ಕಷ್ಟ ಕಾಣುವುದಿಲ್ಲ. ಕಟ್ಟಿದವನಿಗೆ ತನ್ನ ಕಷ್ಟ ಕಾಣುತ್ತದೆ, ತನ್ನ ಲೆಕ್ಕದ ದೋಷ ಕಾಣುವುದಿಲ್ಲ.

೧೭೫೭ರಲ್ಲಿ ಪ್ಲಾಸಿಯ ಯುದ್ಧ, ೧೭೬೪ರಲ್ಲಿ ಬಕ್ಸಾರಿನ ಯುದ್ಧ, ೧೭೬೫ರಲ್ಲಿ ಬಂಗಾಳ ಬಿಹಾರ ಒರಿಸ್ಸಾಗಳ ದಿವಾನಗಿರಿ. ಹೀಗೆ ಎಂಟು ವರ್ಷಗಳಲ್ಲಿ ವರ್ತಕನು ದಿವಾನನಾದನು. ಆದರೆ ಊಳಿಗದವರ ವೇತನದ ಕ್ರಮವು ವರ್ತಕನ ಕಾಲದ್ದೇ ಆಗಿ ಉಳಿಯಿತು. ಅಲ್ಪ ಸಂಬಳ, ಸ್ವಂತ ವ್ಯಾಪಾರದ ಹಕ್ಕು, ಇವಕ್ಕೆ ಈಗ ರಾಜಶಕ್ತಿಯೂ ಸೇರಿತು. ಕುಂಪಣಿಯ ಸರಕಿಗೆ ಸುಂಕದ ವಿನಾಯಿತಿಗಾಗಿ ಇದ್ದ ದಸ್ತಕುಗಳನ್ನು ಊಳಿಗದವರೂ ಅವರ ಗುಮಾಸ್ತರೂ ತಮ್ಮ ಸ್ವಂತ ಸರಕಿಗೆ ತೋರಿಸಿ, ದೇಶೀಯ ವರ್ತಕರನ್ನು ಮೂಲೆಗೆ ತಳ್ಳಿದರು. ನವಾಬ ಮೀರ್ ಕಾಸಿಮನು ಬೇಸತ್ತು ಎಲ್ಲರಿಗೂ ಸುಂಕವನ್ನೇ ತೆಗೆದುಹಾಕಿದನು; ಅದರಿಂದ ಯುದ್ಧವೇ ಹುಟ್ಟಿತು. ಬಂಗಾಳದ ನೇಯ್ಗೆಯವರೂ ರೈತರೂ ಪಟ್ಟ ಪಾಡಿನಲ್ಲಿ ಈ ಊಳಿಗದವರ ಪಾಲು ಸಣ್ಣದಲ್ಲ. ಇದನ್ನು ಮರೆಮಾಚಿ ಅವರಿಗಾಗಿ ಮರುಗುವುದು ಚರಿತ್ರಕಾರನಿಗೆ ಸಲ್ಲದು. ಆದರೂ, ಇದು ಕೇವಲ ಮನುಷ್ಯರ ದುರಾಶೆಯ ಫಲವೆಂದರೆ ಕಾರಣದ ಅರ್ಧವನ್ನೇ ಹೇಳಿದಂತಾಗುವುದು. ನೂರು ವರ್ಷಗಳ ಕಾಲ ವೇತನವೆನಿಸಿಕೊಂಡುದೇ ಈಗ ಅಪರಾಧವೆನಿಸಿತು. ಕೆಲಸವು ಅದೇ, ಸಂಸ್ಥೆಯ ಗಾತ್ರವು ಬೇರೆಯಾದುದರಿಂದ ಕೆಲಸದ ಹೆಸರು ಬೇರೆಯಾಯಿತು.

೧೭೭೦ರ ಭಯಂಕರ ಕ್ಷಾಮದ ತರುವಾಯ ಕುಂಪಣಿಯೇ ಸಾಲದಲ್ಲಿ ಮುಳುಗಿ, ೧೭೭೩ರಲ್ಲಿ ಇಂಗ್ಲೆಂಡಿನ ಸರ್ಕಾರದಿಂದ ೧೪ ಲಕ್ಷ ಪವುನು ಸಾಲವನ್ನು ಪಡೆಯಬೇಕಾಯಿತು. ಸಾಲ ಕೊಟ್ಟವನು ಮನೆಯೊಳಗೆ ಬರುವುದು ಸಹಜವಷ್ಟೆ. ಅದೇ ವರ್ಷದ ಶಾಸನದಿಂದ, ೧೭೫೦ರಲ್ಲಿ ಹದಿನೇಳು ವರ್ಷದ ಬಾಲಕನಾಗಿ ಬಂದು ರೈಟರ ಕೆಲಸದಿಂದ ಮೇಲೇರಿದ ವಾರೆನ್ ಹೇಸ್ಟಿಂಗ್ಸನು ಮೊದಲ ಗವರ್ನರ್ ಜನರಲ್ಲನಾದನು. ಆದರೆ ಅವನ ಮಂಡಳಿಯ ನಾಲ್ವರಲ್ಲಿ ಮೂವರು ಕುಂಪಣಿಯ ಊಳಿಗವನ್ನು ಈ ದೇಶದಲ್ಲಿ ಮಾಡದವರು. ನೇರವಾಗಿ ಇಂಗ್ಲೆಂಡಿನಿಂದ ಬಂದವರು. ಬಹುಮತ ಅವರದು. ಮುಂದೆ ೧೭೮೮ರಿಂದ ೧೭೯೫ರವರೆಗೆ ಪಾರ್ಲಿಮೆಂಟಿನ ಮುಂದೆ ಹೇಸ್ಟಿಂಗ್ಸನ ವಿಚಾರಣೆ ನಡೆದು, ಅವನು ನಿರಪರಾಧಿಯೆಂದು ತೀರ್ಪಾಗುವಷ್ಟರಲ್ಲಿ ಅವನ ಸಂಪತ್ತೆಲ್ಲ ಕರಗಿಹೋಗಿದ್ದಿತು. ಕುಂಪಣಿಯು ಅವನಿಗೆ ವರ್ಷಾಶನವನ್ನು ಗೊತ್ತುಮಾಡಿ ಉಳಿಸಿಕೊಂಡಿತು. ಇಂತಹ ಭಾಗ್ಯವು ಗವರ್ನರ್ ಜನರಲ್ಲನಾಗಿದ್ದವನಿಗೆ ದೊರೆತುದು ಆಶ್ಚರ್ಯವಲ್ಲ.

ಈ ದೇಶದವರಾದ ಊಳಿಗದವರಿಗೆ ಅಂತಹ ಭಾಗ್ಯವೂ ಇರಲಿಲ್ಲ. ದಿವಾನಗಿರಿಯು ಕೈಗೆ ಬಂದಾಗ ಕಂದಾಯದ ಮರ್ಮವನ್ನು ಅರಿಯದಿದ್ದ ಕುಂಪಣಿಯು ಬಂಗಾಳದಲ್ಲಿ ಮಹಮ್ಮದ್ ರೆಜಾ ಖಾನನನ್ನೂ ಬಿಹಾರದಲ್ಲಿ ಶಿತಾಬ್ ರಾಯನನ್ನೂ ಮುಂದಿಟ್ಟುಕೊಂಡು ಆಡಳಿತ ನಡೆಸಿತು. ಏಳು ವರ್ಷಗಳಲ್ಲಿ ಆ ವಿದ್ಯೆಯನ್ನು ತಕ್ಕಮಟ್ಟಿಗೆ ಕಲಿತುಕೊಂಡ ಮೇಲೆ, ೧೭೭೨ರಲ್ಲಿ ದಿವಾನಗಿರಿಯನ್ನು ತಾನೇ ವಹಿಸಿಕೊಳ್ಳುವೆನೆಂದು ಸಾರಿ, ಇಬ್ಬರನ್ನೂ ಸೆರೆಹಿಡಿಸಿ ವಿಚಾರಣೆಗೆ ಗುರಿಮಾಡಿತು. ವಿಚಾರಣೆಯಲ್ಲಿ ಇಬ್ಬರೂ ನಿರ್ದೋಷಿಗಳೆಂದೇ ತೀರ್ಮಾನವಾಯಿತು. ಶಿತಾಬ್ ರಾಯನು ಬಿಡುಗಡೆಯಾಗಿ ಬಹುಕಾಲ ಬಾಳದೆ ೧೭೭೩ರಲ್ಲಿ ಮೃತನಾದನು. ರೆಜಾ ಖಾನನಿಗೆ ತಿರುಗಿ ಕೆಲವು ಅಧಿಕಾರಗಳು ಬಂದರೂ, ೧೭೯೦ರ ವ್ಯವಸ್ಥೆಯಲ್ಲಿ ಅಪರಾಧನ್ಯಾಯದ ಅಧಿಕಾರವು ಅವನ ಕೈಯಿಂದ ಜಾರಿ ಕಲ್ಕತ್ತೆಗೆ ಸೇರಿತು.

ಆ ವ್ಯವಸ್ಥೆಯನ್ನು ಮಾಡಿದವನು ಲಾರ್ಡ್ ಕಾರ್ನ್‌ವಾಲಿಸ್. ೧೭೯೧ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದವನೆಂದು ಕನ್ನಡಿಗರಿಗೆ ಪರಿಚಿತನಾದವನೇ ಇವನು. ಕುಂಪಣಿಯ ಊಳಿಗದಿಂದ ಮೇಲೇರಿ ಬಂದವನಲ್ಲ. ರೋಗದ ಮೂಲವನ್ನು ಅವನು ಸರಿಯಾಗಿಯೇ ಗುರುತಿಸಿದನೆನ್ನಬೇಕು. ಕಲೆಕ್ಟರುಗಳಿಗೆ ಸ್ವಂತ ವ್ಯಾಪಾರವನ್ನು ನಿಷೇಧಿಸಿ, ತಿಂಗಳಿಗೆ ೧,೫೦೦ ರೂಪಾಯಿಗಳ ಸಂಬಳವನ್ನೂ ಅದರ ಮೇಲೆ ವಸೂಲಿನಲ್ಲಿ ಪಾಲನ್ನೂ ಗೊತ್ತುಮಾಡಿದನು. ಕೌಟಿಲ್ಯನ ಮೊದಲನೆಯ ಮಾತಿಗೆ ಕುಂಪಣಿಯು ಸುಮಾರು ಇನ್ನೂರು ವರ್ಷಗಳ ತರುವಾಯ ತಲೆಬಾಗಿತು. ಆದರೆ ಈ ಔಷಧವು ಆಂಗ್ಲೇಯರಿಗೆ ಮಾತ್ರ ದೊರೆಯಿತು. ವರ್ಷಕ್ಕೆ ೫೦೦ ಪವುನಿಗೆ ಮೀರಿದ ಸಂಬಳದ ಪದವಿಗಳು ಈ ದೇಶದವರಿಗೆ ಮುಚ್ಚಿಹೋದುವು. ೧೭೯೩ರ ಶಾಸನವು ಮುಖ್ಯ ಸ್ಥಾನಗಳನ್ನು ಕರಾರಿನ ಊಳಿಗದವರಿಗೇ ಮೀಸಲಿಟ್ಟಿತು. ಆಂಗ್ಲೇಯನಲ್ಲಿ ದೋಷವನ್ನು ಕಂಡಾಗ ಸಂಬಳವು ಕಡಿಮೆಯಾದುದು ಕಾರಣವೆಂದು ಭಾವಿಸಿ ಸಂಬಳವನ್ನು ಹೆಚ್ಚಿಸಿದರು. ದೇಶೀಯನಲ್ಲಿ ದೋಷವನ್ನು ಕಂಡಾಗ ಅದು ಅವನ ಸ್ವಭಾವವೆಂದು ಭಾವಿಸಿ ಬಾಗಿಲನ್ನು ಮುಚ್ಚಿದರು. ತಿಮ್ಮಣ್ಣನ ಮಾತಿನ ನೆರವಿನಿಂದ ನೆಲೆ ಪಡೆದು, ವೀರಣ್ಣನ ಮರಣಕ್ಕೆ ಫಿರಂಗಿ ಹಾರಿಸಿದ ಸಂಸ್ಥೆಯು ನೂರಹದಿಮೂರು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತು.

ಇದು ಅನ್ಯಾಯವೆಂದು ಕಂಡುಕೊಂಡವರು ಕುಂಪಣಿಯಲ್ಲಿಯೇ ಕೆಲವರಿದ್ದರು. ಅವರಲ್ಲಿ ತಾಮಸ್ ಮನ್ರೋ ಅಗ್ರಗಣ್ಯ. ೧೭೮೦ರಲ್ಲಿ ಮದರಾಸಿಗೆ ಸೈನ್ಯದ ಕೆಡೆಟ್ಟಾಗಿ ಬಂದ ಇವನು, ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯಲ್ಲಿಯೂ, ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿ ಅನಂತಪುರ ಕಡಪೆಗಳನ್ನೊಳಗೊಂಡ ಸೀಮೆಯಲ್ಲಿಯೂ ಕಲೆಕ್ಟರನಾಗಿ, ಹಳ್ಳಿಯಿಂದ ಹಳ್ಳಿಗೆ ಡೇರೆ ಹಾಕಿಕೊಂಡು ತಿರುಗಿ ಪಟೇಲರ ಶಾನುಭೋಗರ ಮಾತನ್ನು ಕೇಳಿ ಕಂದಾಯವನ್ನು ಗೊತ್ತುಮಾಡಿದವನು. ಆ ಅನುಭವದ ಬಲದಿಂದ, ಮದರಾಸಿನ ಗವರ್ನರನಾಗಿದ್ದಾಗ ೧೮೨೪ರ ಡಿಸೆಂಬರ್ ೩೧ರಂದು ಬರೆದ ದೀರ್ಘವಾದ ಟಿಪ್ಪಣಿಯಲ್ಲಿ, ಒಂದು ಜನಾಂಗವನ್ನು ದೊಡ್ಡ ಪದವಿಗಳಿಂದ ದೂರವಿಟ್ಟು ಅದರ ಶೀಲವನ್ನು ಉತ್ತಮಪಡಿಸುವುದು ಅಸಾಧ್ಯವೆಂದು ವಾದಿಸಿದನು. ವಿಶ್ವಾಸವಿಟ್ಟು ತಕ್ಕ ಸಂಬಳ ಕೊಟ್ಟರೆ ದೇಶೀಯರೂ ಆಂಗ್ಲೇಯರಷ್ಟೇ ಯೋಗ್ಯರಾಗುವರೆಂಬುದು ಅವನ ಅಭಿಪ್ರಾಯದ ಸಾರ. ೧೮೨೭ರ ಜುಲೈ ೬ರಂದು, ಸ್ವದೇಶಕ್ಕೆ ಮರಳುವ ಮುನ್ನ ತನ್ನ ಹಳೆಯ ಸೀಮೆಯನ್ನು ಇನ್ನೊಮ್ಮೆ ನೋಡಲೆಂದು ಬಂದು, ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ಮೃತನಾದನು. ೧೮೩೩ರ ಶಾಸನವು ಮತ, ಜನ್ಮಸ್ಥಳ, ವಂಶ, ಬಣ್ಣಗಳ ಕಾರಣದಿಂದ ಯಾರಿಗೂ ಪದವಿಯು ತಪ್ಪತಕ್ಕುದಲ್ಲವೆಂದು ಕಾಗದದ ಮೇಲೆ ಸಾರಿತು. ಆದರೆ ಮೇಲ್ದರ್ಜೆಯ ಸಿವಿಲ್ ಊಳಿಗದ ಪರೀಕ್ಷೆಯಲ್ಲಿ ಮೊದಲ ದೇಶೀಯನಾದ ಸತ್ಯೇಂದ್ರನಾಥ ಠಾಕೂರರು ತೇರ್ಗಡೆಯಾದುದು ೧೮೬೩ರಲ್ಲಿ. ಆಗ ಕುಂಪಣಿಯ ಆಳ್ವಿಕೆಯೇ ಮುಗಿದುಹೋಗಿದ್ದಿತು.

ಇತ್ತ ಲಂಡನ್ನಿನ ಕಚೇರಿಯು ಭವ್ಯವಾದ ಮಂದಿರವಾಗಿ ಬೆಳೆಯಿತು. ಹೊಸ ಊಳಿಗದವರಿಗೆ ತರಬೇತು ಕೊಡಲು ೧೮೦೬ರಲ್ಲಿ ಇಂಗ್ಲೆಂಡಿನಲ್ಲಿಯೇ ವಿದ್ಯಾಶಾಲೆ ಏರ್ಪಟ್ಟಿತು. ಪ್ರಸಿದ್ಧ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬನು ಹಿಂದೂದೇಶವನ್ನು ಕಣ್ಣಿನಿಂದಲೂ ಕಾಣದೆ, ೧೭೯೨ರಿಂದ ೧೮೨೫ರವರೆಗೆ ಆ ಕಚೇರಿಯಲ್ಲಿ ಲೆಕ್ಕ ಬರೆದು, ವರ್ಷಕ್ಕೆ ೪೪೧ ಪವುನುಗಳ ವಿಶ್ರಾಂತಿವೇತನವನ್ನು ಪಡೆದನು. ಅದು ಅವನಿಗೆ ನ್ಯಾಯವಾಗಿಯೇ ಸಂದುದು. ಹಾಕಿನ್ಸನ ವಿಧವೆಯ ಬಿಡುಗಡೆಯ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ, ಸಂಸ್ಥೆಯ ಔದಾರ್ಯವು ಕಷ್ಟಕಾಲದವರನ್ನು ದಾಟಿ ಸುಖಕಾಲದವರನ್ನು ಹೇಗೆ ಸೇರುತ್ತದೆಂಬುದು ತಿಳಿಯುವುದು.

ಕೊನೆಗೆ ಕುಂಪಣಿಗೂ ಅದೇ ಗತಿಯಾಯಿತು. ಅದು ಗಳಿಸಿದ ರಾಜ್ಯವು ಅದರ ಕೈಗೆ ಮೀರಿ ಬೆಳೆದಿದೆಯೆಂದು ೧೮೫೮ರಲ್ಲಿ ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಆಡಳಿತವನ್ನು ಅದರಿಂದ ತೆಗೆದುಕೊಂಡರು. ೧೮೬೧ರಲ್ಲಿ ಲಂಡನ್ನಿನ ಆ ಮಂದಿರವನ್ನು ಕೆಡವಿದರು. ೧೮೭೪ರ ಜೂನ್ ೧ರಂದು ಕುಂಪಣಿಯೇ ವಿಸರ್ಜನೆಯಾಯಿತು. ಪಾಲುದಾರರಿಗೆ ಹಣ ಸಂದಿತು. ಹಣವಿಟ್ಟವರ ಋಣವನ್ನು ತೀರಿಸುವುದಕ್ಕೆ ಶಾಸನವಿದ್ದಿತು. ಮೈಯಿಟ್ಟವರ ಋಣಕ್ಕೆ ಅಂತಹ ಶಾಸನವಿರಲಿಲ್ಲ.

ಕಲ್ಕತ್ತೆಯ ಸಂತ ಜಾನರ ಚರ್ಚಿನ ಆವರಣದಲ್ಲಿ ಜೋಬ್ ಚಾರ್ನಾಕನ ಸಮಾಧಿ ಇಂದಿಗೂ ಇದೆ. ನಗರವನ್ನು ಸ್ಥಾಪಿಸಿದವನು ಅವನೆಂದು ಎಣಿಸತಕ್ಕುದಲ್ಲವೆಂದು ೨೦೦೩ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅವನು ಬರುವ ಮೊದಲೇ ಅಲ್ಲಿ ಊರುಗಳೂ ವರ್ತಕರೂ ನೇಯ್ಗೆಯವರೂ ಇದ್ದುದು ನಿಜವಾದ್ದರಿಂದ ಅದು ಯುಕ್ತವೇ ಆಯಿತು. ಅವನ ಸಮಾಧಿಯ ಮೇಲಣ ಶಿಲೆಯು ಮದರಾಸಿನ ಹತ್ತಿರದ ಪಲ್ಲಾವರದಿಂದ ಹೋದುದು. ಭೂಶಾಸ್ತ್ರಜ್ಞನಾದ ಹಾಲೆಂಡನು ೧೯ನೆಯ ಶತಮಾನದ ಕೊನೆಯಲ್ಲಿ ಆ ಜಾತಿಯ ಶಿಲೆಗೆ ಚಾರ್ನಾಕೈಟ್ ಎಂದು ಹೆಸರಿಟ್ಟನು. ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿಯೂ ಆ ಶಿಲೆ ಉಂಟು. ಒಡೆಯರು ಎರಡು ಸಲ ದಾಟಿಹೋದ ಊಳಿಗದವನ ಹೆಸರು ಹೀಗೆ ಕಲ್ಲಿನಲ್ಲಿ ನಿಂತಿತು. ಮರಳುದಿಬ್ಬಕ್ಕೆ ನೇಯ್ಗೆಯವರನ್ನು ಕರೆತಂದ ತಿಮ್ಮಣ್ಣನ ಹೆಸರನ್ನು ಯಾವ ಕಲ್ಲಿಗೂ ಯಾರೂ ಇಡಲಿಲ್ಲ.